ಬಿಡದ ಕೈ

ಅವರಿಬ್ಬರನ್ನೂ ಒಂದೇ ಸ್ಟ್ರೆಚರಿನ ಮೇಲೆ ತಂದರು. ಒಬ್ಬನ ಬಲಗೈ ಇನ್ನೊಬ್ಬನ ಎಡಗೈಯ ಮಣಿಕಟ್ಟನ್ನು ಹಿಡಿದಿತ್ತು. ಹೊಂಡದ ದಡದಲ್ಲೇ ನಾಲ್ಕಾರು ಜನ ಬಿಡಿಸಲು ನೋಡಿ ಸೋತಿದ್ದರು. ಕೊನೆಗೆ ಇಬ್ಬರನ್ನೂ ಹಾಗೆಯೇ ಗೂಡ್ಸ್ ಆಟೋಗೆ ಹಾಕಿಕೊಂಡು ಬಂದಿದ್ದರು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಅರಕಲಗೂಡಿನ ಕಡೆ ಸರ್ಕಾರಿ ವೈದ್ಯನಾಗಿದ್ದೆ. ನಮ್ಮದು ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ. ಗಲ್ಲಾದ ಮುಂದೆ ಕೂರುವ ತಾಳ್ಮೆ ನನ್ನೊಬ್ಬನಿಗೆ ಬರಲಿಲ್ಲವೆಂದು ಅಪ್ಪ ಓದಿಸಿದರು. ಸಂಸಾರ ಹಾಸನದಲ್ಲಿತ್ತು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಜ್ವರ, ಹೆರಿಗೆ, ಹಾವಿನ ಕಡಿತ, ವಿಷ ಕುಡಿದವರು, ನಡುನಡುವೆ ಪೋಸ್ಟ್‌ಮಾರ್ಟಂ. ಪೋಸ್ಟ್‌ಮಾರ್ಟಂ ಅಂದರೆ ಜೊತೆಯ ಡಾಕ್ಟರುಗಳು ಮುಖ ಸಿಂಡರಿಸುತ್ತಿದ್ದರು. ನಾನು ಮಾತ್ರ ಕರೆದಾಗಲೆಲ್ಲ ಎದ್ದು ಹೋಗುತ್ತಿದ್ದೆ. ಬದುಕಿರುವ ರೋಗಿಗಳು ಸುಳ್ಳು ಹೇಳುತ್ತಾರೆ, ಹೆಣ ಹೇಳುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಕೂತು ದೊಡ್ಡ ಗಂಟಲಲ್ಲಿ ಹೇಳುತ್ತಿದ್ದವನು ನಾನು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಬೆಳಿಗ್ಗೆ ಹನ್ನೊಂದರ ಹೊತ್ತು, ಹೊರರೋಗಿಗಳ ಸಾಲು ಗೇಟಿನ ತನಕ ಇತ್ತು. ಮಣಿಕಟ್ಟು ಸಿಕ್ಕಿಸಿಕೊಂಡವನು ಒಂದು ಅನುಕೂಲಸ್ಥ ತೋಟದ ಮನೆಯ ಕಿರಿಮಗ, ಮೂವತ್ತು ದಾಟಿರಲಿಲ್ಲ. ಹಿಡಿದವನು ಅದೇ ಮನೆಯ ಬ್ಯಾರನ್ ನೋಡಿಕೊಳ್ಳುತ್ತಿದ್ದ ಆಳು, ನಲವತ್ತರ ಹತ್ತಿರದವನು. ಹಸಿ ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಬೆಂಕಿಯ ಕಾವಿನಲ್ಲಿ ಒಣಗಿಸುವ ಎತ್ತರದ ಮನೆಗೆ ಆ ಸೀಮೆಯಲ್ಲಿ ಬ್ಯಾರನ್ ಅನ್ನುತ್ತಾರೆ. ಅವನು ಹೆಂಡತಿ, ಮಗಳ ಜೊತೆ ಆ ಬ್ಯಾರನ್ ಪಕ್ಕದ ಒಂದು ಕೋಣೆಯಲ್ಲೇ ಇದ್ದ.

ಶುಂಠಿಗೆ ನೀರು ಸಾಲದೆಂದು ತೋಟದ ಮನೆಯ ಹಿರಿಮಗ ಹೊಂಡ ತೋಡಿಸಿದ್ದ. ನಾಲ್ಕೂ ಕಡೆ ಇಳಿಜಾರು, ತಳದಿಂದ ಅಂಚಿನ ತನಕ ಕರಿ ಪ್ಲಾಸ್ಟಿಕ್ ಹಾಸು. ಪಾಚಿ ಕಟ್ಟಿದ ಆ ಹಾಸಿನ ಮೇಲೆ ಕಾಲಿಟ್ಟರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಅದರಲ್ಲಿ ಇಬ್ಬರೂ ಮುಳುಗಿದ್ದರು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಯನ್ನು ಇಳಿಬಿಟ್ಟು, ಕೊಕ್ಕೆಗೆ ಸಿಕ್ಕಿದ ಒಬ್ಬನನ್ನು ಎಳೆದರೆ ಅವನ ಹಿಂದೆಯೇ ಇನ್ನೊಬ್ಬನೂ ಬಂದನಂತೆ.

ಉಸಿರಿಲ್ಲ, ನಾಡಿಯಿಲ್ಲ. ಇಬ್ಬರೂ ಸತ್ತಿದ್ದಾರೆ ಎಂದು ಹೇಳಿ ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಕೈ ನನ್ನನ್ನು ಹಿಡಿದುಕೊಂಡಿತು. ಆಳಿನ ದವಡೆ ಒತ್ತಿ ನೋಡಿದೆ, ಸಡಿಲ. ಮೊಣಕಾಲು ಮಡಚಿದರೆ ಮಡಚಿತು. ಎಡಗೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಬಲಗೈ ಮಾತ್ರ ಮೊಣಕೈಯಿಂದ ಬೆರಳ ತುದಿಯವರೆಗೆ ಮರದ ಹಾಗಿತ್ತು.

ಸಾಮಾನ್ಯವಾಗಿ ಸತ್ತ ಕೂಡಲೇ ಮೈಯೆಲ್ಲ ಸಡಿಲವಾಗುತ್ತದೆ. ಆಮೇಲೆ, ಗಂಟೆಗಳು ಕಳೆದ ಹಾಗೆ, ರೆಪ್ಪೆ, ದವಡೆ, ಕುತ್ತಿಗೆ ಎಂದು ಮೇಲಿಂದ ಸೆಟೆದುಕೊಂಡು ಬರುತ್ತದೆ. ಊರಿನ ಹೆಣ ಹೊರುವವರಿಗೂ ಇದು ಗೊತ್ತು. ಆದರೆ ಎಲ್ಲೋ ಅಪರೂಪಕ್ಕೆ, ಭಯದಲ್ಲೋ ಹೆಣಗಾಟದಲ್ಲೋ ಜೀವ ಹೋದರೆ, ಆ ಗಳಿಗೆಯಲ್ಲಿ ಬಿಗಿದಿದ್ದ ಸ್ನಾಯು ನಡುವೆ ಸಡಿಲವಾಗುವುದೇ ಇಲ್ಲ. ಬಿಗಿದದ್ದು ಬಿಗಿದ ಹಾಗೆಯೇ ನಿಂತುಬಿಡುತ್ತದೆ. ಮುಳುಗಿದವರ ಮುಷ್ಟಿಯಲ್ಲಿ ಜೊಂಡು, ಕೆಸರು ಸಿಕ್ಕಿರುವುದು ಹೀಗೆ. ಇನ್ನೊಬ್ಬರು ಇದನ್ನು ಹೆಣದ ಕೈಯಲ್ಲಿ ಮಾಡಿಟ್ಟು ಹೋಗಲಾರರು. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಒಂದು ಮಸುಕು ಫೋಟೋ ತೋರಿಸಿ, ನಿಮ್ಮಲ್ಲಿ ಒಬ್ಬರಾದರೂ ಇದನ್ನು ಕಣ್ಣಾರೆ ಕಂಡರೆ ಪುಣ್ಯವಂತರು ಅಂದಿದ್ದರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ.

ನನಗೆ ಸಂತೋಷವಾಯಿತು. ಇದನ್ನು ಬೇರೆ ಮಾತಿನಲ್ಲಿ ಬರೆಯಲು ಎಷ್ಟೋ ಸಲ ನೋಡಿದ್ದೇನೆ, ಬೇರೆ ಮಾತು ಸಿಕ್ಕುವುದಿಲ್ಲ. ಮೊಬೈಲು ತೆಗೆದು ಆ ಹಿಡಿತವನ್ನು ಮೂರು ಕಡೆಯಿಂದ ಫೋಟೋ ತೆಗೆದೆ. ಒಳ್ಳೆಯದೊಂದನ್ನು ಆರಿಸಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೊರಗೆ ಇಬ್ಬರು ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನನ್ನ ಜೇಬಿನಲ್ಲಿ ಮೊಬೈಲು ಟಣ್ ಟಣ್ ಎನ್ನುತ್ತಿತ್ತು. ಹೆಬ್ಬೆರಳು, ಚಪ್ಪಾಳೆ. ‘ಲಕ್ಕಿ ಫೆಲೋ’ ಎಂದು ಒಬ್ಬ ಬರೆದಿದ್ದ.

ಪೊಲೀಸರ ಪಂಚನಾಮೆ ಮುಗಿದು ಪೋಸ್ಟ್‌ಮಾರ್ಟಂ ಕಾಗದ ನನ್ನ ಕೈಗೆ ಬರುವಾಗ ಮಧ್ಯಾಹ್ನ ಎರಡಾಗಿತ್ತು. ಶವಾಗಾರದ ಬಾಗಿಲಿಗೆ ತೋಟದ ಮನೆಯ ಹಿರಿಮಗ ಬಂದು ನಿಂತ. ದೊಡ್ಡ ಮೈಯವನು, ಬಿಳಿ ಅಂಗಿಯ ಎದೆಯೆಲ್ಲ ಕೆಸರು. ಅವನ ಕಣ್ಣು ತಮ್ಮನ ಮುಖಕ್ಕೆ ಹೋಗಲಿಲ್ಲ, ಮಣಿಕಟ್ಟಿಗೆ ಹೋಯಿತು.

“ಆ ಕೈ ಕತ್ತರ್ಸಿ ಸಾ,” ಅಂದ.

“ಹಾಗೆಲ್ಲ ಕತ್ತರಿಸೋಕಾಗಲ್ಲ. ಬಿಡಿಸ್ತೀವಿ.”

“ಬುಡ್ಲಿಲ್ಲ ಅಂದ್ರೆ? ನನ್ ತಮ್ಮನ್ನ ಇವ್ನ ಜೊತೇಲಿ ಸುಡ್ಲಾ?”

ಶವಾಗಾರದ ಸಹಾಯಕ ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡಿದ್ದ ಮುದುಕ. ಅವನು ಮೊಣಕೈ ಅಮುಕಿ ಹಿಡಿದ, ನಾನು ಕಿರುಬೆರಳಿನಿಂದ ಶುರು ಮಾಡಿದೆ. ಒಂದೊಂದು ಬೆರಳಿಗೂ ನನ್ನ ಎರಡು ಕೈಯ ಬಲ ಬೇಕಾಯಿತು. ಒಮ್ಮೆ ಬಲವಂತವಾಗಿ ಬಿಡಿಸಿದ ಬೆರಳು ಮತ್ತೆ ಬಿಗಿಯುವುದಿಲ್ಲ, ಜೋತುಬೀಳುತ್ತದೆ. ನಾಲ್ಕು ಬೆರಳು ಹಾಗೆ ಜೋತವು. ಹೆಬ್ಬೆರಳು ಬರಲಿಲ್ಲ. ನಾನು ಒಂದು ಕಾಲನ್ನು ಮೇಜಿನ ಅಡ್ಡಪಟ್ಟಿಗೆ ಕೊಟ್ಟು ಹಿಂದಕ್ಕೆ ಜಗ್ಗಿದೆ. ಬುಡದಲ್ಲಿ ಲಟಕ್ ಎಂದಿತು. ಬಾಗಿಲಾಚೆ ನಿಂತಿದ್ದ ಹೆಂಗಸೊಬ್ಬಳು ಆ ಸದ್ದಿಗೆ ಅಳು ನಿಲ್ಲಿಸಿದಳು. ಸತ್ತ ಆಳಿನ ಹೆಂಡತಿ ಅವಳು.

ಕಿರಿಮಗನ ಮಣಿಕಟ್ಟಿನ ಮೇಲೆ ಐದು ಬೆರಳಿನ ಗುರುತು ಅಚ್ಚು ಒತ್ತಿದಂತೆ ಇತ್ತು. ಅಣ್ಣ ಅದನ್ನೇ ನೋಡುತ್ತ ಕೇಳಿದ, “ಇದು ಸತ್ ಮ್ಯಾಲೆ ಅಂಟ್ಕಂಡಿದ್ದಾ ಸಾ, ಬದುಕಿದ್ದಾಗ್ಲಾ?”

ಇಲ್ಲಿ ನಾನು ಗೊತ್ತಿಲ್ಲ ಅಂದಿದ್ದರೆ, ರಿಪೋರ್ಟ್ ಬರಲಿ ಅಂದಿದ್ದರೆ ಆಗುತ್ತಿತ್ತು. ಬೆಳಗಿನಿಂದ ತಲೆಯಲ್ಲಿ ತುಂಬಿಕೊಂಡಿದ್ದ ಪಾಠ ಕೇಳುವವರಿಗಾಗಿ ಕಾಯುತ್ತಿತ್ತು. “ಬದುಕಿದ್ದಾಗಲೇ ಹಿಡಿದದ್ದು,” ಅಂದೆ. “ಸಾಯೋ ಗಳಿಗೆಯಲ್ಲಿ ಪೂರ್ತಿ ಬಲ ಹಾಕಿ ಹಿಡಿದ ಕೈ ಇದು. ಸತ್ತ ಮೇಲೂ ಸಡಿಲ ಆಗಿಲ್ಲ.” ಅಷ್ಟಕ್ಕೆ ಮುಗಿಸದೆ ಇನ್ನೊಂದು ಮಾತು ಸೇರಿಸಿದೆ: “ನಿಮ್ಮ ತಮ್ಮ ಬಿಡಿಸಿಕೊಳ್ಳೋಕೆ ನೋಡಿದ್ರೂ ಆಗ್ತಿರಲಿಲ್ಲ.”

ಕೊನೆಯ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅವನು ಬಿಡಿಸಿಕೊಳ್ಳಲು ನೋಡಿದ್ದನೋ ಇಲ್ಲವೋ ನನಗೆ ಹೇಗೆ ಗೊತ್ತು? ಮಾತಿಗೆ ಒಂದು ಮುಕ್ತಾಯ ಬೇಕಿತ್ತು, ಹಾಕಿದೆ.

ಅಣ್ಣ ಹೊರಗೆ ಹೋದ. ಅವನ ಗಂಟಲು ನನಗೆ ಒಳಗೇ ಕೇಳಿಸಿತು. “ಕೇಳುಸ್ಕಳ್ರಪ್ಪಾ, ಡಾಕ್ಟ್ರೇ ಏಳುದ್ರು. ಬದುಕಿದ್ದಾಗ್ಲೇ ಇಡ್ಕಂಡವ್ನಂತೆ. ಬುಡುಸ್ಕಳಕ್ಕೆ ನೋಡುದ್ರೂವೆ ಬುಡ್ನಿಲ್ವಂತೆ. ತಾನ್ ಸಾಯದಲ್ದೆ ನನ್ ತಮ್ಮನ್ನೂ ಎಳ್ಕಂಡೋದ ಕಣ್ರಪ್ಪಾ!”

ಕಿರಿಮಗನ ಹೆಣ ಮೂರೂವರೆಗೆ ಆಂಬುಲೆನ್ಸಿನಲ್ಲಿ ಹೋಯಿತು, ಹಿಂದೆ ಏಳೆಂಟು ಕಾರು. ಆಳಿನ ಹೆಣವನ್ನು ತಮ್ಮ ಊರಿಗೆ ತರಕೂಡದು ಎಂದು ಹೇಳಿ ಹೋದರು. ಬೆಳಿಗ್ಗೆ ಇಬ್ಬರನ್ನೂ ತಂದಿದ್ದ ಗೂಡ್ಸ್ ಆಟೋದವನು ಗಾಡಿಯನ್ನು ನಲ್ಲಿಯ ಕೆಳಗೆ ನಿಲ್ಲಿಸಿ ತೊಳೆಯುತ್ತಿದ್ದ. ಸತ್ತ ಆಳಿನ ಹೆಂಡತಿ ಹೋಗಿ, ಹೆಣ ಸಾಗಿಸಿಕೊಡು ಎಂದು ಅವನನ್ನು ಕೇಳಿಕೊಂಡಳು. “ನಾನು ಆ ಊರ್ನಲ್ಲೇ ಬಾಳಾಟ ಮಾಡ್ಬೇಕು ಕಣಮ್ಮ,” ಎಂದು ಅವನು ಬಕೆಟ್ ಎತ್ತಿಕೊಂಡ. ತವರೂರು ಹಳೇಕೋಟೆಯಿಂದ ಅವಳ ಅಣ್ಣ ಟ್ರ್ಯಾಕ್ಟರ್ ತೆಗೆದುಕೊಂಡು ಬರುವ ತನಕ ಅವಳು ಶವಾಗಾರದ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮಗಳು, ಐದನೇ ಕ್ಲಾಸಿನ ಯೂನಿಫಾರಂನಲ್ಲೇ. ನಾನು ಹಾಸನದ ಬಸ್ಸಿಗೆ ಹೊರಟವನು ಅವರ ಎದುರೇ ಹಾದುಹೋದೆ. ಹೆಂಗಸು ತಲೆ ಎತ್ತಿ ನೋಡಿದಳು. ಏನಾದರೂ ಅನ್ನಬೇಕೆನ್ನಿಸಿತು, ಬಸ್ಸು ತಪ್ಪುತ್ತದೆ ಎಂದುಕೊಂಡು ನಡೆದೆ.

ಆರು ವಾರ ಕಳೆದಿರಬೇಕು. ಹೊರರೋಗಿಗಳ ಸಾಲಿನಲ್ಲಿ ಚೀಟಿ ಮಾಡಿಸಿಕೊಂಡು ಅವಳು ಬಂದಳು. ಏನು ಕಾಯಿಲೆ ಎಂದು ಕೇಳಿದೆ. ಅವಳು ಪ್ಲಾಸ್ಟಿಕ್ ಕವರಿನಿಂದ ಒಂದು ನೀಲಿ ಗೀರಿನ ಅಂಗಿಯನ್ನೂ ಒಂದು ಹಳೆಯ ಮೊಬೈಲನ್ನೂ ತೆಗೆದು ಮೇಜಿನ ಮೇಲಿಟ್ಟಳು.

“ಇದು ಹೊಂಡದ ಬೇಲಿ ಮ್ಯಾಲಿತ್ತು ಸಾ. ಮೊಬೈಲು ಜೋಬಲ್ಲೇ ಇತ್ತು. ಚಪ್ಲಿ ಬೇಲಿ ಬುಡ್ದಲ್ಲಿ ಜೋಡುಸ್ದಂಗೆ ಬಿಟ್ಟಿದ್ದ. ಪೊಲೀಸ್ನೋರು ಓದ್ ವಾರ ಕೊಟ್ರು.” ಅಂಗಿಯನ್ನು ನನ್ನ ಕಡೆ ಸರಿಸಿ ಕೇಳಿದಳು: “ಕಾಲು ಜಾರಿ ಬೀಳೋನು ಅಂಗಿ ಬಿಚ್ಚಿ ಬೀಳ್ತಾನಾ ಸಾ?”

ಕಪಾಟಿನಿಂದ ರಿಪೋರ್ಟಿನ ನಕಲು ತೆಗೆದೆ. ನನ್ನದೇ ಅಕ್ಷರ. ಕಿರಿಮಗನ ಮೈಮೇಲೆ ತುಂಬುತೋಳಿನ ಅಂಗಿ, ಪ್ಯಾಂಟು, ಕೈಗಡಿಯಾರ, ಒಂದು ಕಾಲಿನಲ್ಲಿ ಬೂಟು. ಆಳಿನ ಮೈಮೇಲೆ ಚಡ್ಡಿ ಮಾತ್ರ. ಬಿದ್ದವನು ಯಾರು, ಹಾರಿದವನು ಯಾರು ಎಂದು ಎರಡು ಸಾಲಿನಲ್ಲಿ ನಾನೇ ಬರೆದಿಟ್ಟಿದ್ದೆ. ಕೈ ನೋಡುವ ಸಡಗರದಲ್ಲಿ ಬರೆದದ್ದನ್ನು ಓದಿರಲಿಲ್ಲ. ಆ ಮಣಿಕಟ್ಟನ್ನು ಅವನು ಹಿಡಿದದ್ದು ಮೇಲಕ್ಕೆ ಎಳೆಯಲು.

“ಅವ್ನಿಗೆ ಈಜು ಬತ್ತಿತ್ತು ಸಾ,” ಅಂದಳು. “ಮೀನ್ ಈಜ್ದಂಗೆ ಈಜೋನು. ಚಿಕ್ಕೆಜಮಾನ್ರಿಗೆ ಬತ್ತಿರ್ಲಿಲ್ಲ.”

ನಾನು ಮಾಡಿದ ಕೆಲಸ ನಾಚಿಕೆಯದು. ರಿಪೋರ್ಟನ್ನು ಅವಳ ಕಡೆ ತಿರುಗಿಸಿ, “ನೋಡಮ್ಮ, ನಾನು ಇದರಲ್ಲಿ ತಪ್ಪೇನೂ ಬರೆದಿಲ್ಲ,” ಅಂದೆ.

“ನೀವ್ ಬರ್ದಿದ್ದಕ್ಕೆ ಬರ್ನಿಲ್ಲ ಸಾ. ಆಡಿದ್ದಕ್ಕೆ ಬಂದೆ.” ಅವಳ ದನಿ ಏರಲಿಲ್ಲ. ಮೂರನೇ ದಿನಕ್ಕೇ ಕೋಣೆ ಖಾಲಿ ಮಾಡಿಸಿದ್ದರಂತೆ. ಹಳೇಕೋಟೆಗೂ ಮಾತು ಅವಳಿಗಿಂತ ಮೊದಲೇ ತಲುಪಿತ್ತು. ಶಾಲೆಯಲ್ಲಿ ಮಗಳನ್ನು ‘ಇಡುಕನ ಮಗಳು’, ಹಿಡಿದು ಎಳೆದವನ ಮಗಳು, ಅನ್ನುತ್ತಿದ್ದರು. ಸಾಲಿನಲ್ಲಿ ಕೈ ಹಿಡಿದು ನಿಲ್ಲಿ ಅಂದರೆ ಪಕ್ಕದ ಮಕ್ಕಳು ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದವು. “ನಮ್ಮತ್ಗೇನೇ ಅಂತಾಳೆ, ನಿನ್ ಗಂಡ ಸತ್ರೂ ಬುಡೋನಲ್ಲ, ನಮ್ಮನೇನ್ ಬುಟ್ಟಾನಾ ಅಂತ.”

ಆ ಭಾನುವಾರ ನಾನು ತೋಟದ ಮನೆಗೆ ಹೋದೆ. ಹಿರಿಮಗ ಮನೆಯಲ್ಲಿರಲಿಲ್ಲ. ತಾಯಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಗ ಸತ್ತ ಮನೆಗೆ ಡಾಕ್ಟರು ಬಂದಿದ್ದಾರೆಂದು ಕಾಫಿ ತರಿಸಿದರು. ನಾನು ಅಂಗಿಯ ವಿಷಯ ಹೇಳಿದೆ, ಬೂಟಿನ ವಿಷಯ ಹೇಳಿದೆ. ನಿಮ್ಮ ಮಗನೇ ಮೊದಲು ಬಿದ್ದದ್ದು, ಆಳು ಉಳಿಸಲು ಹಾರಿದ್ದು ಅಂದೆ. ಆಕೆ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು,” ಅಂದರು. “ನಾನೇ ಅಲ್ವರಾ ಅವನ್ನ ಕೂಗಿದ್ದು.”

ನಾನು ಕಾಫಿ ಲೋಟ ಕೆಳಗಿಟ್ಟೆ.

“ಮೋಟ್ರು ಪೈಪು ನೋಡಾಕ್ ಓಗಿ ಜಾರ್ದ. ನಾನು ಇಲ್ಲಿಂದ್ಲೇ ಕಂಡೆ. ಬ್ಯಾರನ್ ತಾವಿಂದ ಅವನು ಓಡ್ ಬಂದ. ಅಂಗಿ ಬಿಚ್ಚಾಕ್ದ, ಎಗರ್ದ. ಎಲ್ಡ್ ಸಲ ಮ್ಯಾಕ್ ತಂದ. ಪಿಲಾಸ್ಟಿಕ್ ಮ್ಯಾಲೆ ಕಾಲ್ ನಿಲ್ನಿಲ್ಲ.”

“ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?”

ಆಕೆ ಆಗ ತಲೆ ಎತ್ತಿದರು. “ಹೊಂಡಕ್ಕೊಂದು ಅಗ್ಗ ಕಟ್ಸು ಅಂತ ದೊಡ್ಡೋನ್ಗೆ ಎಷ್ಟ್ ಸಲ ಏಳಿದ್ದೆ. ಕಟ್ಟುಸ್ಲಿಲ್ಲ. ಅವತ್ತು ಅವ್ನು ಹೊಂಡದ್ ದಡದಲ್ಲಿ ನಿಂತ್ಕಂಡು ತಲೆ ಚಚ್ಕತಿದ್ದ, ಎಲ್ ತಾನೂ ಬಿದ್ಬುಡ್ತಾನೋ ಅಂತ ನಾನು ಜೀವ ಕೈಲಿಡ್ಕಂಡಿದ್ದೆ. ಆಸ್ಪತ್ರೆಯಿಂದ ಬಂದೋನು, ಅವ್ನೇ ಎಳ್ಕಂಡಿದ್ದು ಕಣವ್ವಾ, ಡಾಕ್ಟ್ರು ಏಳುದ್ರು ಅಂತ ಅತ್ತ. ಅತ್ತು ಒಂದ್ ಲೋಟ ನೀರ್ ಕುಡ್ದ. ನನ್ಗೆ ಇನ್ನೊಬ್ಬ ಮಗ ಉಳ್ದ.” ಮತ್ತೆ ಕಾಯಿಗೆ ಕೈ ಹಾಕಿದರು. “ಸತ್ತೋನ್ಗೇನ್ ಲುಕ್ಸಾನು ಸಾ? ಮಾತು ಅವನ್ನೇನ್ ಚುಚ್ಚದಿಲ್ಲ.”

“ಅವನ ಹೆಂಡತಿ ಇದ್ದಾಳಲ್ಲ. ಮಗಳಿದ್ದಾಳೆ.”

“ಅವರು ನನ್ ಮಕ್ಳಲ್ವಲ್ಲ,” ಅಂದರು ಆಕೆ. ಸಿಟ್ಟಿನಿಂದ ಅಂದದ್ದಲ್ಲ, ಲೆಕ್ಕ ಒಪ್ಪಿಸುವ ಹಾಗೂ ಅಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ. ಕಾಫಿ ಆರುತ್ತದೆ, ಕುಡಿಯಿರಿ ಎಂದು ಸೇರಿಸಿದರು. ನಾನು ಕುಡಿದೆ. ಅದು ಯಾಕೆ ಕುಡಿದೆನೋ ಇವತ್ತಿಗೂ ಗೊತ್ತಿಲ್ಲ.

ಠಾಣೆಗೆ ಹೋಗಿ ಹೇಳಿಕೆ ತಿದ್ದಬೇಕು ಅಂದೆ. ಅಲ್ಲಿಯ ಅಧಿಕಾರಿ ಸಭ್ಯ ಮನುಷ್ಯ. ಫೈಲು ತರಿಸಿ ತೋರಿಸಿದರು. ಎರಡೂ ಆಕಸ್ಮಿಕ ಸಾವು ಎಂದು ಮುಗಿಸಿದ್ದರು. “ಯಾರ್ ಮೇಲೂ ಕೇಸೇ ಇಲ್ಲ ಡಾಕ್ಟ್ರೇ, ಏನ್ ತಿದ್ದೋಣ?” ಅಂದರು. ನಿಜ. ಸುಳ್ಳು ಒಂದು ಕಾಗದದಲ್ಲೂ ಇರಲಿಲ್ಲ. ಆ ಊರಿನ ಡೈರಿಯ ಮುಂದೆ ಹಾಲು ಹಾಕಲು ನಿಂತಿದ್ದವರಿಗೆ ಒಂದು ಸಂಜೆ ನಾನೇ ನಿಂತು ಎಲ್ಲ ಬಿಡಿಸಿ ಹೇಳಿದೆ. “ಅಂಗಾ ಸಾ,” ಅಂದರು. ಒಬ್ಬ ಮಾತ್ರ, “ಅವತ್ತೊಂದ್ ಏಳ್ತೀರಿ, ಇವತ್ತೊಂದ್ ಏಳ್ತೀರಿ. ಆ ಎಂಗ್ಸು ಬಂದಿದ್ಲಾ ಸಾ ನಿಮ್ತಾವ್ಕೆ?” ಎಂದು ಕೇಳಿ ಪಕ್ಕದವನನ್ನು ನೋಡಿ ನಕ್ಕ. ಮಾರನೆಯ ವಾರದಿಂದ ಆ ನಗೆ ಆಸ್ಪತ್ರೆಯ ಕಾರಿಡಾರಿಗೂ ಬಂತು. ಗಂಡನನ್ನು ಆಡಿಕೊಂಡ ಬಾಯಿಗಳಿಗೆ ನಾನು ಹೆಂಡತಿಯನ್ನೂ ಕೊಟ್ಟಿದ್ದೆ.

ಎರಡು ವರ್ಷದ ಮೇಲೆ ನನಗೆ ಹಾಸನಕ್ಕೆ ವರ್ಗವಾಯಿತು. ಅವಳು ಹಳೇಕೋಟೆ ಬಿಟ್ಟು, ಚನ್ನರಾಯಪಟ್ಟಣದ ಆಚೆ ನುಗ್ಗೇಹಳ್ಳಿಯಲ್ಲಿ ಕೊಬ್ಬರಿ ಕೆಲಸಕ್ಕೆ ಸೇರಿದ್ದಾಳೆಂದು ಶವಾಗಾರದ ಮುದುಕನಿಂದ ತಿಳಿಯಿತು. ನಾನು ಒಂದು ಕಾಗದ ಬರೆದೆ. ಈತ ಇನ್ನೊಬ್ಬರ ಜೀವ ಉಳಿಸಲು ಹೋಗಿ ಪ್ರಾಣ ಕೊಟ್ಟವನು, ದೇಹದ ಮೇಲಿನ ಬಟ್ಟೆ ಮತ್ತು ಹಿಡಿತದಿಂದ ನನಗೆ ಇದು ಖಚಿತ, ಎಂದು. ಸಹಿ ಹಾಕಿ, ಸೀಲು ಒತ್ತಿ, ಬಸ್ಸು ಹತ್ತಿದೆ.

ಕೊಬ್ಬರಿ ಕೊಟ್ಟಿಗೆಯ ಮುಂದೆ ಅವಳು ತೆಂಗಿನಕಾಯಿ ಚಿಪ್ಪು ಒಡೆಯುತ್ತ ಕೂತಿದ್ದಳು. ಗುರುತು ಹಿಡಿದಳು, ಏಳಲಿಲ್ಲ. ಮಗಳು ಉದ್ದವಾಗಿದ್ದಳು, ಏಳೋ ಎಂಟೋ ಕ್ಲಾಸು. ಕಾಗದವನ್ನು ಅವಳೇ ಓದಿದಳು, ಶಾಲೆಯಲ್ಲಿ ಪಾಠ ಓದುವ ಹಾಗೆ ನಿಂತುಕೊಂಡು, ಸ್ಪಷ್ಟವಾಗಿ. ತಾಯಿ ಕೊನೆಯ ತನಕ ಕೇಳಿದಳು.

“ಅಂಗಾರೆ ಬೇಕೂಂತ್ಲೇ ಇಡ್ಕಂಡಿದ್ದ,” ಅಂದಳು.

“ಉಳಿಸೋಕಮ್ಮ.”

“ಅದೇ. ನನ್ಗೆ ಒಂದ್ ಮಾತ್ ಏಳಿ ಸಾ. ಕೈ ಬುಟ್ಟಿದ್ರೆ ಇವ್ನು ಮ್ಯಾಕ್ ಬತ್ತಿದ್ನಾ?”

ಮಗಳು ನನ್ನನ್ನೇ ನೋಡುತ್ತಿದ್ದಳು. ಕೈ ಸೆಟೆಯುವುದು ಜೀವ ಹೋಗುವ ಗಳಿಗೆಯಲ್ಲಿ. ಅದಕ್ಕೆ ಮುಂಚೆ ಎಷ್ಟು ಹೊತ್ತು ಬೇಕಾದರೂ ಅವನು ಬಿಡಬಹುದಿತ್ತು. ಈಜು ಬಲ್ಲವನು, ಪೈಪು ಹಿಡಿದು ತೇಲಬಹುದಿತ್ತು, ಜನ ಬರುವ ತನಕ ಉಳಿಯಬಹುದಿತ್ತು. ಇದೆಲ್ಲ ನನಗೆ ಗೊತ್ತಿತ್ತು. “ಇಲ್ಲಮ್ಮ,” ಅಂದೆ. “ಬಿಡಬೇಕು ಅಂದ್ರೂ ಆ ಕೈ ಬಿಡ್ತಿರಲಿಲ್ಲ. ನರ ಬಿಗಿದುಕೊಂಡುಬಿಟ್ಟಿತ್ತು.”

ತಾಯಿ ನಂಬಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆದು ಮಗಳ ಕಡೆ ನೋಡಿದಳು. “ನೋಡವ್ವ, ನಿಮ್ಮಪ್ಪ ಒಳ್ಳೇನಂತೆ. ಅವ್ರ್ ಮಗನ್ ಕೈ ಬುಡ್ಲಿಲ್ವಂತೆ. ನಿಂದ್ ಬುಟ್ಟ, ನಂದ್ ಬುಟ್ಟ.” ಮತ್ತೆ ನನಗೆ: “ಊರ್ನೋರು ಅವನ್ನ ಕೆಟ್ಟೋನು ಅಂದಾಗ ನನ್ಗೆ ಅವ್ರ್ ಮ್ಯಾಲೆ ಸಿಟ್ ಬತ್ತಿತ್ತು ಸಾ. ಅದ್ರಲ್ಲೇ ಎಂಗೋ ದಿನ ನೂಕ್ತಿದ್ದೆ. ಈಗ ಅವನ್ ಮ್ಯಾಲೇ ಬತ್ತದೆ. ಅವ್ನು ಕೈಗ್ ಸಿಕ್ಕಲ್ಲ.” ಚಿಪ್ಪಿನ ರಾಶಿಯನ್ನು ಕಾಲಿನಿಂದ ಅತ್ತ ಸರಿಸಿ, ಇನ್ನೊಂದು ಕಾಯಿ ತೆಗೆದುಕೊಂಡಳು. ಅದು ಒಡೆಯುವ ಸದ್ದಿಗೆ ನಾನು ಬೆಚ್ಚಿಬಿದ್ದದ್ದನ್ನು ಅವಳು ನೋಡಿದಳು.

ಚನ್ನರಾಯಪಟ್ಟಣದ ಬಸ್ಸಿಗೆ ಅರ್ಧ ಗಂಟೆ ಇತ್ತು. ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಾಗ ಮಗಳು ಓಡಿ ಬಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು.

“ಅಮ್ಮ ವಾಪಸ್ ಕೊಡು ಅಂದ್ರು.”

“ನೀನೇ ಇಟ್ಟುಕೋ. ನಿಮ್ಮಪ್ಪನದು.”

ಅವಳು ಯೋಚಿಸಿದಳು. “ಇಲ್ಲಿ ಯಾರಿಗೂ ನಮ್ಮಪ್ಪ ಯಾರು ಅಂತ ಗೊತ್ತಿಲ್ಲ ಸಾರ್,” ಅಂದಳು. “ಆಕ್ಸಿಡೆಂಟಲ್ಲಿ ಹೋದ್ರು ಅಂತ ಹೇಳಿದ್ದೀನಿ. ಅದೇ ಇರ್ಲಿ.”

ಕಾಗದವನ್ನು ನನ್ನ ಪಕ್ಕದಲ್ಲಿ ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ, ಬಂದ ದಾರಿಯಲ್ಲೇ ಓಡಿದಳು.